ಹುಡುಗರನ್ನು ಊರಿಗೆ ಕರೆಯುತ್ತೀರಿ ಸರಿ, ಕೈಗೆ ಏನು ಕೊಡುತ್ತೀರಿ?

ಪ್ರಶ್ನೆ: ನಾವು ಭದ್ರಾವತಿಯವರು. ಕಾರ್ಖಾನೆಯಿಂದ ನಿವೃತ್ತರಾದ ಕೆಲವರು, ಇಲ್ಲೇ ಓದಿ ಬೆಂಗಳೂರು, ಅಮೆರಿಕ ಸೇರಿದ ಹಳೆ ವಿದ್ಯಾರ್ಥಿಗಳು ಕೂಡಿ ಒಂದು ಬಳಗ ಮಾಡಿಕೊಂಡಿದ್ದೇವೆ. ಕಾಗದದ ಕಾರ್ಖಾನೆ ಎಂಪಿಎಂ ನಿಂತೇಹೋಯಿತು. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಇಂದೋ ನಾಳೆಯೋ ಅನ್ನುವ ಹಾಗಿದೆ. ಊರಿನ ಕೆಲಸಕ್ಕೆ ಮುಂದೆ ನಿಲ್ಲುವ ಯುವಕರು ಕಾಣುತ್ತಿಲ್ಲ. ಎಲ್ಲರೂ ಸೇರಿ 25 ಲಕ್ಷ ರೂಪಾಯಿ ಹೊಂದಿಸಬಹುದು. ದೊಡ್ಡ ಯುವ ಸಮಾವೇಶ ಮಾಡಿ, ಹೊರಗೆ ಹೆಸರು ಮಾಡಿದವರಿಗೆ ಪ್ರಶಸ್ತಿ ಕೊಟ್ಟು, ಊರಿಗೆ ಮರಳಿ ಬನ್ನಿ ಎಂದು ಕರೆಯುವ ಯೋಚನೆ ಇದೆ. ಎಷ್ಟು ಜನರನ್ನು ಕರೆಯಬೇಕು? ಬಂದವರನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಸಮಾವೇಶದ ಯೋಚನೆ ಬಿಡಿ. ಶಾಮಿಯಾನ, ಊಟ, ಶಾಲು, ಸ್ಮರಣಿಕೆ, ಫ್ಲೆಕ್ಸು ಎಂದು ನಿಮ್ಮ ಹಣದ ಒಂದು ದೊಡ್ಡ ಪಾಲು ಒಂದೇ ದಿನದಲ್ಲಿ ಹೋಗುತ್ತದೆ. ವೇದಿಕೆಯ ಮೇಲೆ ಊರಿನ ಋಣ ನೆನೆದು ಗಂಟಲು ಕಟ್ಟಿಸಿಕೊಂಡವರು ಅದೇ ರಾತ್ರಿ ರೈಲು ಹತ್ತಿರುತ್ತಾರೆ. ಅವರದೇನೂ ತಪ್ಪಿಲ್ಲ. ಮೂವತ್ತರ ಒಳಗಿನವರು ಊರಿಗೆ ಬರದಿರುವುದು ಅಭಿಮಾನ ಕಡಿಮೆಯಾಗಿ ಅಲ್ಲ. ಬಂದರೆ ಯಾವ ಕೆಲಸ, ಯಾರ ಮಾತು ಕೇಳಬೇಕು, ತಿಂಗಳಿಗೆ ಎಷ್ಟು, ಸರಿಹೋಗದಿದ್ದರೆ ವಾಪಸು ಹೋಗುವ ದಾರಿ ಯಾವುದು ಎಂಬ ನಾಲ್ಕು ಪ್ರಶ್ನೆಗೆ ಯಾರೂ ಉತ್ತರ ಹೇಳುವುದಿಲ್ಲ, ಅದಕ್ಕೆ.

25 ಲಕ್ಷಕ್ಕೆ ನಾಲ್ಕು ಜನರನ್ನು 14 ತಿಂಗಳು ಸಂಬಳ ಕೊಟ್ಟು ನೇಮಿಸಿಕೊಳ್ಳಬಹುದು, ಅವರನ್ನು ಫೆಲೋಗಳು ಎನ್ನೋಣ. ಒಬ್ಬೊಬ್ಬರ ಕೈಗೂ ಊರಿನ ಒಂದೇ ಒಂದು ತೊಡಕನ್ನು, ಅದನ್ನು ಬಿಡಿಸಲು ಬೇಕಾದ ಅಧಿಕಾರ ಮತ್ತು ಹಣದ ಸಮೇತ ಕೊಡಬಹುದು. ನಾನಾದರೆ ಹೀಗೇ ಮಾಡಿ ಎನ್ನುತ್ತೇನೆ. ಹತ್ತು ಜನ ಬೇಡ. ಒಬ್ಬ ಹೊಸಬನಿಗೆ ಊರಿನ ಬಾಗಿಲುಗಳನ್ನು ತೆಗೆಸಿಕೊಡಲು ಒಬ್ಬ ಹಿರಿಯ, ಅಂದರೆ ಮಾರ್ಗದರ್ಶಕ, ಪೂರ್ತಿ ಬೇಕಾಗುತ್ತದೆ. ಅಂಥವರು ನಿಮ್ಮ ಬಳಗದಲ್ಲಿ ಎಷ್ಟಿದ್ದಾರೆ, ಎಣಿಸಿ ನೋಡಿ.

ನಿಮ್ಮ ಊರಿನ ಸ್ವಭಾವದ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ, ಏಕೆಂದರೆ ಯೋಜನೆಯ ಅರ್ಧ ಅದರ ಮೇಲೆ ನಿಂತಿದೆ. ಭದ್ರಾವತಿ ಕಂಪನಿ ಕಟ್ಟಿದ ಊರು. ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ, ಕಾಗದದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ನ್ಯೂಟೌನಿನಲ್ಲಿ, ಪೇಪರ್ ಟೌನಿನಲ್ಲಿ ಕ್ವಾರ್ಟರ್ಸು, ನೀರು, ದೀಪ, ಆಸ್ಪತ್ರೆ, ಶಾಲೆ ಎಲ್ಲವೂ ಕಂಪನಿಯದೇ. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ಹೋಗುತ್ತಿದ್ದುದು ಕಂಪನಿಯ ಆಫೀಸಿಗೆ, ನಗರಸಭೆಗಲ್ಲ. ಊರು ನಡೆಸುವುದು ಬೇರೆ ಯಾರದೋ ಕೆಲಸ ಎಂಬ ಅಭ್ಯಾಸ ಹೀಗೆ ಮೂರು ತಲೆಮಾರಿಗೆ ಬಂತು. 2015ರಲ್ಲಿ ಎಂಪಿಎಂ ಉತ್ಪಾದನೆ ನಿಂತು, 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ಸುದ್ದಿ ಬಂದಾಗ ಬೀದಿಗೆ ಇಳಿದವರಿಗೆ ಸಂಘಟನೆ ಗೊತ್ತಿತ್ತು. ಆದರೆ ಅದು ಬೇಡಿಕೆ ಇಡುವ ಸಂಘಟನೆ. ಜನಸಂಖ್ಯೆ 2001ರಲ್ಲಿ 1.60 ಲಕ್ಷ ಇದ್ದದ್ದು 2011ಕ್ಕೆ 1.51 ಲಕ್ಷಕ್ಕೆ ಇಳಿದಿತ್ತು. ಎಂಪಿಎಂ ನಿಲ್ಲುವ ಮೊದಲೇ ಊರು ಖಾಲಿಯಾಗತೊಡಗಿತ್ತು ಎಂದಾಯಿತು. ಹಾಗಾಗಿ ಕಾರ್ಖಾನೆ ಮತ್ತೆ ಶುರುವಾದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಕೂರುವ ಯೋಜನೆಗೆ ಈ ಹಣ ಹಾಕಬೇಡಿ.

ಯಾರನ್ನು ಹುಡುಕಬೇಕು

ಹೊರಗೆ ಹೆಸರು ಮಾಡಿದವರನ್ನು ಹುಡುಕುವುದು ಸುಲಭ, ತರುವುದು ಕಷ್ಟ, ಉಳಿಸಿಕೊಳ್ಳುವುದು ಇನ್ನೂ ಕಷ್ಟ. ನಿಮಗೆ ಬೇಕಾದವರು 24ರಿಂದ 32 ವರ್ಷದವರು. ನಾಲ್ಕರಲ್ಲಿ ಇಬ್ಬರು ಊರು ಬಿಟ್ಟೇ ಇಲ್ಲದವರಾಗಿರಲಿ: ಸಂಜೆ ಹುಡುಗರಿಗೆ ಕಬಡ್ಡಿ ಹೇಳಿಕೊಡುವವನು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು, ಜೆರಾಕ್ಸ್ ಅಂಗಡಿಯಲ್ಲಿ ಕೂತು ಅರ್ಧ ವಾರ್ಡಿನ ಅರ್ಜಿ ತುಂಬಿಕೊಡುವವನು. ಇಂಥವರು ಆಗಲೇ ನಾಯಕರು. ಬಯೋಡೇಟಾ ಬರೆಯಲು ಬಾರದ್ದರಿಂದ ಯಾವ ಆಯ್ಕೆಯಲ್ಲೂ ಮೇಲೆ ಬರುವುದಿಲ್ಲ, ಅಷ್ಟೆ. ಮೂರನೆಯವರು ಮೂರರಿಂದ ಎಂಟು ವರ್ಷ ಹೊರಗಿದ್ದು ಬರುವವರು. ಅದಕ್ಕಿಂತ ಹೆಚ್ಚಾದರೆ ಹೋಮ್ ಲೋನು, ಮಕ್ಕಳ ಶಾಲೆ ಹಿಡಿದುಕೊಂಡಿರುತ್ತವೆ. ನಾಲ್ಕನೆಯವರು ಪೂರಾ ಹೊರಗಿನವರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿಮ್ಮ ತಾಲ್ಲೂಕಿನಲ್ಲೇ ಇದೆ. ಬೇರೆ ಜಿಲ್ಲೆಯಿಂದ ಬಂದು ಅಲ್ಲಿ ಎಂಎ, ಎಂಎಸ್‌ಸಿ ಮುಗಿಸಿದವರು ಊರನ್ನು ಅರ್ಧ ಬಲ್ಲವರೇ. ನಾಲ್ವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಲಿ. ಮದುವೆಯಾಗಿ ಊರಿಗೆ ಬಂದ ಓದಿದ ಸೊಸೆಯಂದಿರನ್ನು ಮರೆಯಬೇಡಿ. ಕೆಲಸ ಬಿಟ್ಟು ಬಂದು ಮನೆಯಲ್ಲಿ ಕೂತಿರುವ ಇಂಜಿನಿಯರುಗಳು ಅವರಲ್ಲೇ ಹೆಚ್ಚು ಸಿಗುತ್ತಾರೆ.

ಹೊರಗಿನಿಂದ ಮರಳಿ ಬರುವವರ ಅಪ್ಪ-ಅಮ್ಮನನ್ನು ಒಪ್ಪಿಸುವುದು ನಿಮ್ಮ ಕೆಲಸ, ಅವರದಲ್ಲ. ಬೆಂಗಳೂರಿಂದ ಮಗ ಮನೆಗೆ ಬಂದು ಕೂತರೆ ಬೀದಿಯಲ್ಲಿ ಕೇಳುವ ಮೊದಲ ಪ್ರಶ್ನೆ, “ಏನು, ಕೆಲಸ ಹೋಯ್ತಾ?” ಹೆಣ್ಣು ಕೇಳಲು ಹೋದರೆ ಎರಡನೆಯ ಪ್ರಶ್ನೆ, “ಸಮಾಜಸೇವೆ ಅಂದ್ರೆ ಸಂಬಳ ಇರುತ್ತಾ?” ಎಷ್ಟೋ ಒಳ್ಳೆಯ ಯೋಜನೆಗಳು ಈ ಎರಡು ಪ್ರಶ್ನೆಯಲ್ಲೇ ಮುಗ್ಗರಿಸುತ್ತವೆ. ಅದಕ್ಕೇ ಇದನ್ನು ಸೇವೆ ಎನ್ನಬೇಡಿ. ನೇಮಕಾತಿ ಪತ್ರ, ಹುದ್ದೆಯ ಹೆಸರು, ಗುರುತಿನ ಚೀಟಿ, ಪ್ರತಿ ತಿಂಗಳು ಒಂದನೇ ತಾರೀಕು ಬ್ಯಾಂಕ್ ಖಾತೆಗೆ ಹಣ, ಕೊನೆಗೆ ಅನುಭವ ಪತ್ರ. ಆಯ್ಕೆಯಾದವರ ಮನೆಗೆ ಬಳಗದ ಇಬ್ಬರು ಹಿರಿಯರು ಹೋಗಿ, ಕಾಫಿ ಕುಡಿದು, ಅಪ್ಪ-ಅಮ್ಮನಿಗೆ ಕೆಲಸ ಏನೆಂದು ಹೇಳಿ ಬರಲಿ. ಖರ್ಚಿಲ್ಲದ ಕೆಲಸ ಇದು, ಇದರಷ್ಟು ಫಲ ಕೊಡುವುದು ಇನ್ನೊಂದಿಲ್ಲ.

ಹಣ

ತಿಂಗಳಿಗೆ ತಲಾ 28,000 ರೂಪಾಯಿ ಇಡಿ. ಬೆಂಗಳೂರಿನ 50,000ಕ್ಕೆ ಇದು ಸಮವಲ್ಲ ನಿಜ, ಆದರೆ ಅಲ್ಲಿನ ಬಾಡಿಗೆ, ಊಟ, ಓಡಾಟ ಕಳೆದರೆ ಮನೆಯಲ್ಲಿದ್ದು ಕೆಲಸ ಮಾಡುವವನಿಗೆ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ. 15,000ಕ್ಕೆ ಇಳಿಸಿದರೆ ಮನೆ ಕಡೆ ಅನುಕೂಲ ಇರುವವರು ಮಾತ್ರ ಬರುತ್ತಾರೆ. ನಿಮಗೆ ಬೇಕಾದವರು ಬರುವುದಿಲ್ಲ. ಅರ್ಜಿಯಲ್ಲೇ ತಿಂಗಳ ಸಾಲದ ಕಂತು ಎಷ್ಟು ಎಂದು ಕೇಳಿ. 12,000 ದಾಟಿದ್ದರೆ ಎದುರು ಕೂತು ಲೆಕ್ಕ ಹಾಕಿಯೇ ತೆಗೆದುಕೊಳ್ಳಿ. ಇಲ್ಲವಾದರೆ ಅವರು ಅರ್ಧದಲ್ಲೇ ಬಿಟ್ಟು ಹೋಗುತ್ತಾರೆ, ಮುಜುಗರ ಪಟ್ಟುಕೊಂಡು.

ನಾಲ್ವರಿಗೆ 14 ತಿಂಗಳ ಸಂಬಳ 15,68,000. ಎಲ್ಲರ ಓಡಾಟ, ಲೆಕ್ಕ ನೋಡಿಕೊಳ್ಳುವ ಅರೆಕಾಲಿಕ ಸಂಯೋಜಕರಿಗೆ ತಿಂಗಳಿಗೆ 15,000ದಂತೆ 17 ತಿಂಗಳು, 2,55,000. ತಲಾ 80,000 ಕೆಲಸದ ಖರ್ಚು, 3,20,000. ಕೂರುವ ಜಾಗಕ್ಕೆ ಮುಂಗಡ, ಬಾಡಿಗೆ, ರಿಪೇರಿ 1,50,000. ಪ್ರಚಾರ ಮತ್ತು ಆಯ್ಕೆಗೆ 60,000. ಆರೋಗ್ಯ ಮತ್ತು ಅಪಘಾತ ವಿಮೆಗೆ 48,000. ನೋಂದಣಿ, ಆಡಿಟ್ 40,000. ಒಟ್ಟು 24,41,000. ಉಳಿದ 59,000 ಮುಟ್ಟಬೇಡಿ. ಮಳೆಗಾಲದಲ್ಲಿ ಏನಾದರೊಂದು ಕೆಡುತ್ತದೆ.

ಕೆಲಸದ ಖರ್ಚು ಎಂಬ ಆ 80,000 ಇಡೀ ಯೋಜನೆಯ ಜೀವ. 5,000ದೊಳಗಿನ ಖರ್ಚಿಗೆ ಯಾರ ಸಹಿಯೂ ಬೇಡ, ಬಿಲ್ಲು ಇದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಮಾರ್ಗದರ್ಶಕರ ಒಪ್ಪಿಗೆ ಮೂರು ದಿನದೊಳಗೆ. ನೂರು ಮೀಟರ್ ಹಗ್ಗ ತರಲು ಖಜಾಂಚಿ ಮನೆಗೆ ಎರಡು ಸಲ ಅಲೆದ ಹುಡುಗ ಮೂರನೇ ಸಲ ಹೋಗುವುದಿಲ್ಲ, ಆ ಕೆಲಸವನ್ನೇ ಬಿಡುತ್ತಾನೆ.

ಹೊರದೇಶದ ಹಣದಲ್ಲಿ ಎಡವುವವರು ಬಹಳ. ಅಮೆರಿಕದಲ್ಲಿದ್ದು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಾನೂನಿನ ಪ್ರಕಾರ ವಿದೇಶಿ ಮೂಲ. ಅಲ್ಲಿನ ಕನ್ನಡ ಕೂಟದ ಖಾತೆಯಿಂದ ಬಂದ ಹಣವೂ ಅಷ್ಟೆ, ಸದಸ್ಯರು ಯಾರೇ ಇರಲಿ. ಅದನ್ನು ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಆ ನೋಂದಣಿಗೆ ಸಂಸ್ಥೆಗೆ ಮೂರು ವರ್ಷವಾದರೂ ಆಗಿರಬೇಕು, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಹಾಗಾಗಿ ಮೊದಲ ಸುತ್ತಿಗೆ ದೇಣಿಗೆದಾರರ ಪಟ್ಟಿಯಲ್ಲಿ ಪಾಸ್‌ಪೋರ್ಟ್ ಯಾವುದು ಎಂಬ ಒಂದು ಕಾಲಂ ಸೇರಿಸಿ. ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣ ಬೇಕಿದ್ದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿಗಳ ಜೊತೆಗೆ ಸಿಎಸ್‌ಆರ್-1 ನೋಂದಣಿಯೂ ಬೇಕು. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಯಾವಾಗ ಶುರು

ಅಕ್ಟೋಬರ್ 1ರಿಂದ ಮುಂದಿನ ವರ್ಷದ ನವೆಂಬರ್ 30. ಇದು ಸುಮ್ಮನೆ ಹೇಳಿದ ದಿನಾಂಕವಲ್ಲ. ಮಲೆನಾಡಿನ ಮಳೆ ಹಿಂದಾಗಿ, ಹೊರಗಿನ ಕೆಲಸಕ್ಕೆ ಎಂಟು ಒಣ ತಿಂಗಳು ಸಿಗುತ್ತವೆ. ನಗರಸಭೆ ಬಜೆಟ್ ತಯಾರಿ ಶುರುವಾಗುವುದು ಡಿಸೆಂಬರ್-ಜನವರಿಯಲ್ಲಿ. ಅಷ್ಟರೊಳಗೆ ಎರಡು ತಿಂಗಳು ಊರು ಸುತ್ತಿದವರು ಬಜೆಟ್ ಪೂರ್ವಭಾವಿ ಸಭೆಯಲ್ಲಿ ಕಾಗದ ಹಿಡಿದು ಮಾತಾಡಬಹುದು. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ, ಅಲ್ಲಿಂದ ನವೆಂಬರಿನವರೆಗೆ ಆ ಹಣ ನಿಜವಾಗಿ ಖರ್ಚಾಯಿತೇ ಎಂದು ಬೆನ್ನು ಹತ್ತಬಹುದು. 12 ತಿಂಗಳ ಫೆಲೋಶಿಪ್‌ಗಳು ಹೆಚ್ಚಾಗಿ ಬಜೆಟ್ಟಿನ ಒಂದು ತುದಿ ನೋಡುತ್ತವೆ, ಇನ್ನೊಂದನ್ನು ನೋಡುವುದಿಲ್ಲ.

ಕರೆ ಹೊರಡಿಸುವುದು ಯುಗಾದಿ ಹೊತ್ತಿಗೆ. ಹಬ್ಬ, ಬೇಸಿಗೆ ರಜೆ, ಮದುವೆಗಳಿಗೆಂದು ಹೊರಗಿನವರು ಊರಲ್ಲಿರುವ ದಿನಗಳು ಅವೇ. ಆಯ್ಕೆ ಜೂನ್ ಮಧ್ಯದಲ್ಲಿ, ನೇಮಕಾತಿ ಪತ್ರ ಜೂನ್ 30ರೊಳಗೆ. ಬೆಂಗಳೂರಿನ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನ ಇರುವುದು ಸಾಮಾನ್ಯ. ಆಗಸ್ಟಿನಲ್ಲಿ ಪತ್ರ ಕೊಟ್ಟು ಅಕ್ಟೋಬರಿಗೆ ಬಾ ಎಂದರೆ ಕೆಲಸದಲ್ಲಿರುವವರು ಯಾರೂ ಬರಲಾರರು.

ಆಯ್ಕೆ

ಪ್ರಬಂಧ, ಗುಂಪು ಚರ್ಚೆ ಬೇಡ. ಚೆನ್ನಾಗಿ ಮಾತಾಡುವವರನ್ನು ಅವು ಹಿಡಿದುಕೊಡುತ್ತವೆ, ಅಷ್ಟೆ. ಹನ್ನೆರಡು ಜನರನ್ನು ಎರಡು ದಿನ ಊರಿಗೆ ಕರೆಸಿ. ಮೊದಲ ದಿನ ಬೆಳಿಗ್ಗೆ 9ಕ್ಕೆ ಎಲ್ಲರ ಕೈಗೂ ಒಂದೊಂದು ಚೀಟಿ: ‘ಇಂಥ ರಸ್ತೆಯ ಇಂಥ ಕಂಬದಲ್ಲಿ ದೀಪ ಉರಿಯುತ್ತಿಲ್ಲ. ಯಾರು ಸರಿಮಾಡಬೇಕು, ಏಕೆ ಮಾಡಿಲ್ಲ, ಸಂಜೆ 5ಕ್ಕೆ ಬಂದು ಹೇಳಿ.’ ಕೆಟ್ಟ ದೀಪಕ್ಕೇನೂ ಬರವಿಲ್ಲ, ಒಬ್ಬೊಬ್ಬರಿಗೆ ಒಂದೊಂದು ರಸ್ತೆ ಸಿಕ್ಕೇ ಸಿಗುತ್ತದೆ.

ಕಂಬ ವಿದ್ಯುತ್ ಕಂಪನಿ ಮೆಸ್ಕಾಂನದು. ದೀಪ ನಗರಸಭೆಯದು. ಹಚ್ಚುವುದು, ಕೆಟ್ಟದ್ದು ಬದಲಿಸುವುದು ಗುತ್ತಿಗೆದಾರನದು. ಗುತ್ತಿಗೆದಾರನ ಬಿಲ್ಲು ಬಾಕಿ ಇರಬಹುದು. ಕೆಲವರು ನೇರ ನಗರಸಭೆಗೆ ಹೋಗಿ ಒಂದು ಕೌಂಟರಿನಿಂದ ಇನ್ನೊಂದಕ್ಕೆ ಅಲೆದು ಬರುತ್ತಾರೆ. ಕೆಲವರು ಮೊದಲು ಕಂಬದ ಹತ್ತಿರ ಹೋಗಿ, ಅದರ ಮೇಲಿನ ಸಂಖ್ಯೆ ಬರೆದುಕೊಂಡು, ಎದುರಿನ ಅಂಗಡಿಯವರನ್ನು ಎಂದಿನಿಂದ ಉರಿಯುತ್ತಿಲ್ಲ ಎಂದು ಕೇಳಿ ಆಮೇಲೆ ಹೊರಡುತ್ತಾರೆ. ಈ ಎರಡನೆಯವರು ಬೇಕು. ಸಂಜೆ ಬಂದು ಹೇಳುವಾಗ ಲೈನ್‌ಮನ್‌ನ, ಗುಮಾಸ್ತರ ಹೆಸರು ನೆನಪಿಟ್ಟುಕೊಂಡು ಹೇಳುತ್ತಾರೋ, ‘ಯಾರೋ ಒಬ್ಬರು’ ಎನ್ನುತ್ತಾರೋ ಗಮನಿಸಿ. ಬೈದುಕೊಂಡು ಬಂದವರನ್ನು ಬಿಟ್ಟುಬಿಡಿ. ಇಲ್ಲಿ ದಿನವೂ ಅದೇ ಜನರ ಜೊತೆ ಕೆಲಸ ಮಾಡಬೇಕು.

ಕೆಲಸ ಏನು ಕೊಡಬೇಕು

‘ಯುವ ಸಬಲೀಕರಣ’, ‘ಸ್ವಚ್ಛ ಭದ್ರಾವತಿ’ ಇವು ಕೆಲಸಗಳಲ್ಲ, ಬ್ಯಾನರುಗಳು. ಕೆಲಸ ಎಂದರೆ ಒಂದು ಹಾಳೆಯಲ್ಲಿ ಹಿಡಿಯಬೇಕು: ತೊಡಕು ಏನು, ಯಾರ ಬಾಗಿಲು ತಟ್ಟಬೇಕು, ಹಣ ಎಷ್ಟು, ಮುಗಿದಿದೆ ಎಂದು ಗೊತ್ತಾಗುವುದು ಹೇಗೆ. ಒಂದು ಹಾಳೆಯನ್ನು ಬಿಡಿಸಿ ತೋರಿಸುತ್ತೇನೆ.

ತೊಡಕು: ಭದ್ರಾವತಿಯ ಲೇತ್, ವೆಲ್ಡಿಂಗ್, ಎರಕದ ಶೆಡ್ಡುಗಳಿಗೆ ಆರ್ಡರ್ ಇಲ್ಲ. ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಅಂಥ ಕಡೆಯ ಕಾರ್ಖಾನೆಗಳು ಹೊರಗೆ ಜಾಬ್ ವರ್ಕ್ ಕೊಡುತ್ತವೆ, ಆದರೆ ಚಿಕ್ಕ ಶೆಡ್ಡುಗಳನ್ನು ನಂಬುವುದಿಲ್ಲ. ಕಾರಣ ಕೈಚಳಕ ಕಡಿಮೆ ಎಂದಲ್ಲ. ಮೂವತ್ತು ವರ್ಷ ವಿಐಎಸ್‌ಎಲ್ ಮೆಷಿನ್ ಶಾಪಿನಲ್ಲಿದ್ದ ಟರ್ನರ್ ಕಣ್ಣಂದಾಜಿನಲ್ಲೇ ಹಿಡಿಯುತ್ತಾನೆ. ಆದರೆ ಮಾಡಿದ ಪೀಸಿನ ಜೊತೆ ಅಳತೆಯ ವರದಿ ಹೋಗುವುದಿಲ್ಲ. ಡ್ರಾಯಿಂಗಿನಲ್ಲಿ 40 ಮಿಲಿಮೀಟರ್, ಹೆಚ್ಚು ಕಡಿಮೆ 0.02 ಎಂದಿದ್ದರೆ, ಹತ್ತು ಪೀಸು ತೆಗೆದು ಮೈಕ್ರೋಮೀಟರಿನಲ್ಲಿ ಅಳೆದು ಬರೆದ ಹಾಳೆ ಬೇಕು ಎನ್ನುತ್ತಾರೆ ಖರೀದಿಯವರು. ಅದಿಲ್ಲದೆ ಮಾಲು ವಾಪಸು ಬಂದರೆ ಸಾಗಣೆ ಖರ್ಚು ಶೆಡ್ಡಿನ ತಲೆ ಮೇಲೆ.

ಫೆಲೋ ಮಾಡಬೇಕಾದ್ದು: ಮೊದಲ ಎಂಟು ವಾರ 60 ಶೆಡ್ಡುಗಳಿಗೆ ಹೋಗಿ ಪಟ್ಟಿ ಮಾಡುವುದು. ಯಾವ ಮೆಷಿನ್, ಲೇತಿನ ಬೆಡ್ ಎಷ್ಟು ಅಡಿ, ಎಷ್ಟು ದಪ್ಪದವರೆಗೆ ಹಿಡಿಯುತ್ತದೆ, ಎಷ್ಟು ಜನ, ಸಣ್ಣ ಕೈಗಾರಿಕೆಗಳ ‘ಉದ್ಯಮ್’ ನೋಂದಣಿ ಇದೆಯೋ ಇಲ್ಲವೋ, ಜಿಎಸ್‌ಟಿ ಇದೆಯೋ ಇಲ್ಲವೋ. ಒಂಬತ್ತನೇ ವಾರದಿಂದ ಐದು ಕಾರ್ಖಾನೆಯ ಖರೀದಿ ವಿಭಾಗಕ್ಕೆ ಪಟ್ಟಿ ಹಿಡಿದು ಹೋಗುವುದು. ಕೆಲಸದ ಖರ್ಚಿನಲ್ಲಿ ಒಂದು ಮೈಕ್ರೋಮೀಟರ್ ಸೆಟ್, ಡಯಲ್ ಗೇಜ್, ವರ್ನಿಯರ್ ಕೊಂಡು ಹಂಚಿಕೆಯ ಅಳತೆ ಮೇಜು ಒಂದನ್ನು ಹಾಕುವುದು. ಅಳೆಯುವವರು ಇಬ್ಬರು ನಿವೃತ್ತ ಇನ್‌ಸ್ಪೆಕ್ಟರುಗಳು, ಸರದಿಯ ಮೇಲೆ. ಉಪಕರಣಗಳನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿ ಇದೆಯೇ ಎಂಬ ಪರೀಕ್ಷೆಗೆ, ಕಳಿಸಿ ಪ್ರಮಾಣಪತ್ರ ತರಿಸದಿದ್ದರೆ ಆ ವರದಿಗೆ ಬೆಲೆ ಇಲ್ಲ. ಇದನ್ನು ಮರೆಯುವವರು ಹೆಚ್ಚು. ಮುಗಿದ ಗುರುತು: ಹನ್ನೆರಡು ಶೆಡ್ಡಿಗೆ ಹೊಸ ಗ್ರಾಹಕನಿಂದ ಎರಡನೇ ಆರ್ಡರ್ ಬಂದಿರಬೇಕು. ಮೊದಲ ಆರ್ಡರ್ ಲೆಕ್ಕಕ್ಕಿಲ್ಲ, ಅದನ್ನು ಪರಿಚಯದ ಮೇಲೂ ಕೊಡುತ್ತಾರೆ.

ಉಳಿದ ಮೂರನ್ನು ನೀವೇ ಬರೆಯಬಹುದು. ಖಾಲಿ ಕ್ವಾರ್ಟರ್ಸುಗಳನ್ನು ಮಾತ್ರ ಮುಟ್ಟಬೇಡಿ. ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ, ಆದರೆ ಅದು ಕಂಪನಿಯ ಆಸ್ತಿ. 14 ತಿಂಗಳು ಪತ್ರ ಬರೆಯುವುದರಲ್ಲೇ ಕಳೆಯುತ್ತದೆ. ಅದರ ಬದಲು ಬಿ.ಎಚ್. ರಸ್ತೆಯಲ್ಲೋ ಹೊಸಮನೆಯಲ್ಲೋ ಖಾಲಿ ಬಿದ್ದ ಮಹಡಿ ಹಿಡಿದು, ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವವರಿಗೆ 20 ಕುರ್ಚಿಯ ಜಾಗ ಮಾಡಬಹುದು. ಅದಕ್ಕೆ ಎರಡು ಬೇರೆ ಬೇರೆ ಕಂಪನಿಯ ಫೈಬರ್ ಲೈನ್ ಬೇಕು. ಒಂದೇ ಕಂಪನಿಯ ಎರಡು ಲೈನ್ ಇದ್ದರೆ ಕಂಬ ಬಿದ್ದಾಗ ಎರಡೂ ಒಟ್ಟಿಗೆ ಹೋಗುತ್ತವೆ. ವಿದ್ಯುತ್ತಿನ ಲೆಕ್ಕ: 20 ಲ್ಯಾಪ್‌ಟಾಪ್ ತಲಾ 50 ವ್ಯಾಟ್‌ನಂತೆ 1,000, ಕಡಿಮೆ ವಿದ್ಯುತ್ತಿನ 8 ಫ್ಯಾನ್ ತಲಾ 30ರಂತೆ 240, ದೀಪ ಮತ್ತು ರೂಟರ್ 200, ಒಟ್ಟು ಒಂದೂವರೆ ಕಿಲೋವ್ಯಾಟ್‌ನೊಳಗೆ. 3.5 ಕೆವಿಎ ಇನ್ವರ್ಟರಿಗೆ 150 ಎಎಚ್‌ನ ನಾಲ್ಕು ಬ್ಯಾಟರಿ ಹಾಕಿದರೆ ಮೂರು ಗಂಟೆ ಬರುತ್ತದೆ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ಗಂಟೆ ಸಾಲದು, ಆ ದಿನಕ್ಕೆ ಬಾಡಿಗೆ ಜನರೇಟರ್ ಯಾರದು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಇನ್ವರ್ಟರ್, ಕುರ್ಚಿ, ಮೇಜಿನ ಹಣವೆಲ್ಲ 80,000ದಲ್ಲಿ ಬರುವುದಿಲ್ಲ. ಮೊದಲೇ ಹತ್ತು ಜನರಿಂದ ಮೂರು ತಿಂಗಳ ಚಂದಾ ಮುಂಗಡ ಪಡೆದು ಆಮೇಲೆ ಮಹಡಿ ಹಿಡಿಯಿರಿ. ಹತ್ತು ಜನ ಸಿಗದಿದ್ದರೆ ಆ ಕೆಲಸವೇ ಬೇಡ. ಸಿಕ್ಕರೆ, ಅಲ್ಲಿ ಕೂರುವವರಿಂದ ಶನಿವಾರ ನಾಲ್ಕು ಗಂಟೆ ಕೇಳಿ, ಹಣ ಕೇಳಬೇಡಿ. ಮುಂದಿನ ವರ್ಷದ ಫೆಲೋ ಅಲ್ಲೇ ಕೂತಿರುತ್ತಾನೆ.

ನಗರಸಭೆ, ಸದಸ್ಯರು, ಚುನಾವಣೆ

ಪೌರಾಯುಕ್ತರ ಜೊತೆ ಕೈಕುಲುಕಿ ಫೋಟೋ ತೆಗೆಸಿಕೊಂಡರೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಅವರು ಯಾವಾಗ ಬೇಕಾದರೂ ವರ್ಗವಾಗಬಹುದು. ಸಾಮಾನ್ಯ ಸಭೆಯಲ್ಲಿ ನಿರ್ಣಯ ಆಗಬೇಕು: ಇಂಥ ನಾಲ್ವರು, ಇಂಥ ವಿಷಯ, ಇಷ್ಟು ಅವಧಿ, ಇಂಥಿಂಥ ಮಾಹಿತಿ ಕೊಡಲಾಗುವುದು, ನಗರಸಭೆಗೆ ಖರ್ಚಿಲ್ಲ. ಚುನಾಯಿತ ಸಭೆಯ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿಯ ಆದೇಶ ಪಡೆಯಿರಿ, ಹೊಸ ಸಭೆ ಬಂದ ಕೂಡಲೇ ಮತ್ತೆ ನಿರ್ಣಯ ಮಾಡಿಸಿ.

35 ವಾರ್ಡುಗಳ ಸದಸ್ಯರಲ್ಲಿ ಹೆಚ್ಚಿನವರಿಗೆ ಹುಟ್ಟುವ ಮೊದಲ ಅನುಮಾನ, ಈ ಹುಡುಗ ಮುಂದಿನ ಸಲ ನನ್ನ ವಿರುದ್ಧ ನಿಲ್ಲುತ್ತಾನೆ ಎಂದು. ಅನುಮಾನ ಸುಳ್ಳೂ ಅಲ್ಲ. 21 ತುಂಬಿದವರು ಯಾರು ಬೇಕಾದರೂ ನಿಲ್ಲಬಹುದು. ಆದ್ದರಿಂದ ಫೆಲೋಗೆ ವಾರ್ಡು ಹಂಚಬೇಡಿ, ವಿಷಯ ಹಂಚಿ. ಅವಧಿಯಲ್ಲಿ ಯಾರ ಪರವೂ ಪ್ರಚಾರ ಮಾಡುವಂತಿಲ್ಲ, ನಿಲ್ಲುವಂತಿಲ್ಲ ಎಂದು ಒಪ್ಪಂದದಲ್ಲೇ ಬರೆದು ಸದಸ್ಯರಿಗೂ ಒಂದು ಪ್ರತಿ ಕೊಡಿ. ಅವಧಿ ಮುಗಿದ ಮೇಲೆ ನಿಂತರೆ ತಡೆಯಬೇಡಿ, ಸಂತೋಷಪಡಿ. ಆದರೆ ಚುನಾವಣೆಯನ್ನೇ ಗುರಿಯಾಗಿ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ: ವಾರ್ಡಿನ ಮೀಸಲಾತಿ ಸರದಿ ಬದಲಾಗುತ್ತದೆ. ನಾಲ್ಕು ವರ್ಷ ಬೆವರು ಹರಿಸಿದ ವಾರ್ಡು ಕೊನೆಗೆ ಬೇರೆ ವರ್ಗಕ್ಕೆ ಹೋಗಬಹುದು.

ಇನ್ನೊಂದು ಬಾಗಿಲು ಬಜೆಟ್ಟಿನಲ್ಲಿದೆ. ನಗರಸಭೆಗಳು ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಶೇ. 24.10, ಇತರ ಬಡವರಿಗಾಗಿ ಶೇ. 7.25 ಹಣ ಮೀಸಲಿಡಬೇಕು. ಲೇತ್ ಕಲಿಯುವ ಹುಡುಗರ ತರಬೇತಿ, ಉಪಕರಣಕ್ಕೆ ಸಹಾಯ ಇಂಥವನ್ನು ಆ ಕ್ರಿಯಾಯೋಜನೆಗೆ ಸೇರಿಸಬಹುದೇ ಎಂದು ಲೆಕ್ಕ ವಿಭಾಗದಲ್ಲಿ ಜನವರಿಯೊಳಗೆ ಕೇಳಿ. ಮಾರ್ಚಿನಲ್ಲಿ ಕೇಳಿದರೆ ಕೇಳಿದ್ದೂ ದಂಡ.

ಹೊರಗಿನ ಉದಾಹರಣೆಗಳ ಬಗ್ಗೆ

ನಿಮ್ಮ ಅಮೆರಿಕದ ಸ್ನೇಹಿತರು ಡೆಟ್ರಾಯ್ಟ್ ಹೆಸರು ತೆಗೆದೇ ತೆಗೆಯುತ್ತಾರೆ. ಹೋಲಿಕೆ ಇದೆ. 1950ರಲ್ಲಿ 18.5 ಲಕ್ಷ ಜನರಿದ್ದ ಕಾರಿನ ಊರು 2020ಕ್ಕೆ 6.4 ಲಕ್ಷಕ್ಕೆ ಇಳಿಯಿತು. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. 2012ರಲ್ಲಿ ಶುರುವಾದ ಚಾಲೆಂಜ್ ಡೆಟ್ರಾಯ್ಟ್ ಎಂಬ ಫೆಲೋಶಿಪ್‌ನಲ್ಲಿ ಯುವಜನರು ವಾರಕ್ಕೆ ನಾಲ್ಕು ದಿನ ಊರಿನ ಕಂಪನಿಗಳಲ್ಲಿ ಸಂಬಳದ ಕೆಲಸ ಮಾಡಿ, ಶುಕ್ರವಾರ ಊರಿನ ಸೇವಾಸಂಸ್ಥೆಗಳ ತೊಡಕು ಬಿಡಿಸುತ್ತಾರೆ. ಚೆಂದದ ಏರ್ಪಾಡು. ಆದರೆ ಸಂಬಳ ಕೊಡಲು ಊರಿನಲ್ಲಿ ಇನ್ನೂ ದೊಡ್ಡ ಕಂಪನಿಗಳು ಇರಬೇಕು. ನಿಮ್ಮಲ್ಲಿ ಅದು ಸದ್ಯಕ್ಕೆ ಆಗದು. ಪೇಟೆಯ ನಡುಭಾಗ ಮಿಂಚಿತು, ಹಳೆಯ ಬಡಾವಣೆಗಳವರಿಗೆ ಹೊಸಬರು ಹೊಸಬರಾಗಿಯೇ ಉಳಿದರು ಎಂಬ ದೂರೂ ಅಲ್ಲಿದೆ. ಅಮೆರಿಕದ್ದೇ ಆದ ತುಲ್ಸಾ ನಗರಕ್ಕೆ ಬಂದು ಒಂದು ವರ್ಷ ಇದ್ದು, ಬೇರೆ ಊರಿನ ಕಂಪನಿಯ ಕೆಲಸವನ್ನು ಅಲ್ಲಿಂದಲೇ ಮಾಡುವವರಿಗೆ 2018ರಿಂದ 10,000 ಡಾಲರ್ ಕೊಡುತ್ತಿದ್ದಾರೆ. ಹಿಂದೆ ಶ್ರೀಮಂತ ದತ್ತಿಯೊಂದಿದೆ, ನಡೆಯುತ್ತದೆ. ನಿಮಗೆ ಹತ್ತಿರದ್ದು ಜಪಾನ್. 2009ರಿಂದ ಅಲ್ಲಿ ಜನ ಕಡಿಮೆಯಾಗುತ್ತಿರುವ ಊರುಗಳ ಸ್ಥಳೀಯ ಆಡಳಿತವೇ ಪಟ್ಟಣದ ಯುವಕರನ್ನು ಒಂದರಿಂದ ಮೂರು ವರ್ಷಕ್ಕೆ ನೇಮಿಸಿಕೊಳ್ಳುತ್ತದೆ, ಹಣ ಕೇಂದ್ರದ್ದು. ಅವಧಿ ಮುಗಿದ ಮೇಲೂ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ಪ್ರದೇಶದಲ್ಲಿ ನೆಲೆಸಿದ್ದಾರೆ. ಆಡಳಿತದ ಒಳಗೆ ಒಂದು ಕುರ್ಚಿ ಸಿಕ್ಕಿದ್ದು ಅದಕ್ಕೆ ಒಂದು ಕಾರಣ ಎಂದು ನನ್ನ ಅಂದಾಜು. ನಿರ್ಣಯಕ್ಕಾಗಿ ನಾನು ಹಟ ಹಿಡಿಯುವುದು ಅದಕ್ಕೇ.

ಎಲ್ಲಿ ಕೆಡುತ್ತದೆ

ಕೆಡಿಸುವವರು ಹೆಚ್ಚಾಗಿ ನೀವೇ, ಬೇಸರ ಮಾಡಿಕೊಳ್ಳಬೇಡಿ. ನಿವೃತ್ತರ ಬಳಗಕ್ಕೆ ಸಂಬಳದ ಹುಡುಗರು ಸಿಕ್ಕರೆ ಎರಡನೇ ತಿಂಗಳಿಗೇ ಅವರು ಸಭೆಯ ನಡಾವಳಿ ಟೈಪ್ ಮಾಡುತ್ತಿರುತ್ತಾರೆ, ರಾಜ್ಯೋತ್ಸವಕ್ಕೆ ಕುರ್ಚಿ ಹಾಕುತ್ತಿರುತ್ತಾರೆ, ಯಾರದೋ ಪಿಂಚಣಿ ಅರ್ಜಿಗೆ ಓಡುತ್ತಿರುತ್ತಾರೆ. ಹತ್ತು ಜನ ಹಿರಿಯರು ವಾಟ್ಸ್ಆ್ಯಪ್‌ನಲ್ಲಿ ಹತ್ತು ಅಪ್ಪಣೆ ಕೊಡುತ್ತಾರೆ. ನಿಯಮ ಬರೆದಿಡಿ: ಒಬ್ಬ ಫೆಲೋಗೆ ಒಬ್ಬರೇ ಮಾರ್ಗದರ್ಶಕರು, ಉಳಿದವರು ಹೇಳುವುದಿದ್ದರೆ ಅವರ ಮೂಲಕ. ಸೋಮವಾರ ಬೆಳಿಗ್ಗೆ 40 ನಿಮಿಷ ಎಲ್ಲರ ಸಭೆ, ಬೇರೆ ದಿನ ಕರೆಸುವಂತಿಲ್ಲ. ನಿಮ್ಮಲ್ಲಿ ಹಳೆಯ ಕಾರ್ಮಿಕ ಸಂಘದಲ್ಲಿ ಓಡಾಡಿದವರನ್ನು ಮಾರ್ಗದರ್ಶಕರನ್ನಾಗಿ ಮಾಡಿ. ಯಾವ ಕೇರಿಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಅಧಿಕಾರಿಗಳಾಗಿದ್ದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೂರನೇ ತಿಂಗಳಲ್ಲಿ ಹೊರಗಿನಿಂದ ಬಂದವರಿಗೆ ಒಂಟಿತನ ಹಿಡಿಯುತ್ತದೆ. ಜೊತೆಯವರೆಲ್ಲ ಬೆಂಗಳೂರಲ್ಲಿ, ಸಂಜೆ ಏಳರ ಮೇಲೆ ಊರು ಮಲಗಿರುತ್ತದೆ. ನಾಲ್ವರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು, ತಿಂಗಳಿಗೆ ಎರಡು ದಿನ ಹೆಚ್ಚುವರಿ ರಜೆ, ಇವು ಸಾಕಾಗುತ್ತವೆ. ಆರನೇ ತಿಂಗಳ ಸುಮಾರಿಗೆ ಅಧಿಕಾರಿ ಬದಲಾಗುವ ಸಾಧ್ಯತೆ ಇದ್ದೇ ಇದೆ, ನಿರ್ಣಯದ ಪ್ರತಿ ಅಂದು ಕೆಲಸಕ್ಕೆ ಬರುತ್ತದೆ. ಹತ್ತನೇ ತಿಂಗಳಿಗೆ ಎಲ್ಲರೂ ಗುಟ್ಟಾಗಿ ಬೇರೆ ಕೆಲಸ ಹುಡುಕುತ್ತಿರುತ್ತಾರೆ. ಗುಟ್ಟು ಬೇಡ. ಒಂಬತ್ತನೇ ತಿಂಗಳಲ್ಲಿ ನೀವೇ ಕೂರಿಸಿಕೊಂಡು, ಮುಂದೆ ಏನು, ಇಲ್ಲೇ ಇರಬೇಕಿದ್ದರೆ ಏನು ಬೇಕು ಎಂದು ಕೇಳಿ. ಅಳತೆ ಮೇಜಿಗೆ ಶೆಡ್ಡಿನವರು ತಲಾ 600 ರೂಪಾಯಿ ಕೊಡಲು ಒಪ್ಪಿ, ಅಂಥವರು 40 ಜನ ಆದರೆ ತಿಂಗಳಿಗೆ 24,000. ಅದನ್ನು ನಡೆಸುವವರಿಗೆ ಅದೇ ಸಂಬಳ. ಉಳಿಸಿಕೊಳ್ಳುವುದು ಎಂದರೆ ಈ ಲೆಕ್ಕ ಹೊಂದಿಸುವುದು.

ನಾಲ್ವರಲ್ಲಿ ಎರಡು ವರ್ಷದ ಮೇಲೆ ಇಬ್ಬರು ಊರಲ್ಲಿದ್ದರೆ ಚೆನ್ನಾಗಿ ನಡೆದಿದೆ ಎನ್ನಿ. ಹೋದವರನ್ನು ಹಳಿಯಬೇಡಿ, ಮುಂದಿನ ಆಯ್ಕೆಯ ಮಂಡಳಿಗೆ ಕರೆಯಿರಿ.

ಮೊದಲ ವರ್ಷ ಅರ್ಜಿ ಕಡಿಮೆ ಬಂದು, ದೀಪದ ಚೀಟಿ ಹಿಡಿದು ಹೋದ ಹನ್ನೆರಡರಲ್ಲಿ ಇಬ್ಬರು ಮಾತ್ರ ಸರಿ ಎನ್ನಿಸಿದರೆ ಇಬ್ಬರನ್ನೇ ತೆಗೆದುಕೊಳ್ಳಿ. ಉಳಿದ ಇಬ್ಬರ ಹಣ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಮುಂದಿನ ಯುಗಾದಿಗೆ ಮತ್ತೆ ಕರೆ ಹೊರಡಿಸಿ. ಆಗ ಕರೆಯುವವರು ಆ ಇಬ್ಬರು ಆಗಿರಲಿ, ನೀವಲ್ಲ.